ಪರದೆಯಿಂದ ಪರದೆಗೆ ದಾಟಿದ ಕನ್ನಡ

ನುಡಿ ತಂತ್ರಾಂಶದ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿದ ‘ಕನ್ನಡ’ ಎಂಬ ಪದವನ್ನು ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದು ನೋಡಿ. ಕಾಣುವುದು ಏಳು ಗುರುತುಗಳು: ಇಂಗ್ಲಿಷಿನ ದೊಡ್ಡ ಪಿ, ತಲೆಯ ಮೇಲೆ ಓರೆಗೆರೆ ಹೊತ್ತ ಎ, ಪೌಂಡ್ ಹಣದ ಚಿಹ್ನೆ, ಮತ್ತೆ ಅದೇ ಎ, ಜರ್ಮನ್ ಭಾಷೆಯ ಜೋಡಿ ಎಸ್, ಸಣ್ಣ ಕ್ಯೂ, ಕೊನೆಗೆ ಇನ್ನೊಮ್ಮೆ ಅದೇ ಎ. ಮೂರು ಸಲ ಬಂದ ಆ ಎ ನಮ್ಮ ತಲಕಟ್ಟು. ಜೋಡಿ ಎಸ್ ಎಂದರೆ ನಕಾರದ ಒತ್ತು. ಗುಟ್ಟು ತಿಳಿದವರಿಗೆ ಇದು ಓದಲು ಬರುವ ಬರಹವೇ. ತಿಳಿಯದವರಿಗೆ ಮತ್ತು ಯಾವ ಯಂತ್ರಕ್ಕೂ ಅದು ಕನ್ನಡವಲ್ಲ.

1990ರ ದಶಕದಿಂದ ಇಲ್ಲಿಯವರೆಗೆ ಅಚ್ಚಾದ ಕನ್ನಡ ಪುಸ್ತಕ, ಪತ್ರಿಕೆ, ಪಿಎಚ್‌ಡಿ ಪ್ರಬಂಧಗಳಲ್ಲಿ ಬಹಳಷ್ಟು ಇಂಥ ಗುರುತುಗಳಾಗಿಯೇ ಹಾರ್ಡ್ ಡಿಸ್ಕುಗಳಲ್ಲಿ, ಸಿಡಿಗಳಲ್ಲಿ ಮಲಗಿವೆ. ತಾಳೆಗರಿಯನ್ನು ಗೆದ್ದಲು ತಿಂದರೆ ನಮಗೆ ದುಃಖವಾಗುತ್ತದೆ. ಇಲ್ಲಿ ಗೆದ್ದಲು ಹಿಡಿದಿಲ್ಲ, ಅಕ್ಷರ ಅಳಿಸಿಯೂ ಇಲ್ಲ. ಓದುವ ಒಪ್ಪಂದವಷ್ಟೇ ಕಳೆದುಹೋಗುತ್ತಿದೆ. ಒಂದು ಯಂತ್ರದಲ್ಲಿ ಮಾಡಿದ್ದು ಇನ್ನೊಂದು ಯಂತ್ರದಲ್ಲಿ ಹಾಗೆಯೇ ಕಾಣಬೇಕು, ಹಾಗೆಯೇ ಕೆಲಸ ಮಾಡಬೇಕು ಎಂಬುದು ಕಂಪ್ಯೂಟರ್ ಚರಿತ್ರೆಯ ದೊಡ್ಡ ಜಗಳಗಳಲ್ಲಿ ಒಂದು. ಆಟಗಳ ಚಿತ್ರ ಬಿಡಿಸುವ ಗ್ರಾಫಿಕ್ಸ್ ಚಿಪ್ಪಿನಲ್ಲಿ, ಇಂದಿನ ಕೃತಕ ಬುದ್ಧಿಮತ್ತೆಯ ಲೆಕ್ಕದಲ್ಲಿ ಆ ಜಗಳ ಇನ್ನೂ ನಡೆದಿದೆ. ಕನ್ನಡ ಲಿಪಿ ಅದನ್ನು ನಲವತ್ತು ವರ್ಷಗಳಿಂದ ಅನುಭವಿಸುತ್ತ ಬಂದಿದೆ. ಪರದೆಯ ಮೇಲೆ ಅಕ್ಷರವೂ ಒಂದು ಚಿತ್ರವೇ ತಾನೆ.

ಕಣಕ್ಕೂ ಕ್ಯೂರಿಂಗ್ ವರ್ಕ್ಸಿಗೂ ನಡುವೆ

‘ಇಂಟರ್‌ಫೇಸ್’ ಎಂಬ ಪದ ಸಾಹಿತ್ಯದ ವಿದ್ಯಾರ್ಥಿಗಳನ್ನು ಬೆದರಿಸಬಹುದು. ವಿಷಯ ಸರಳ. ಮೂಡಿಗೆರೆ, ಕಳಸದ ಕಡೆ ಕಾಫಿ ಹಣ್ಣನ್ನು ಹಾಗೆಯೇ ಕಣದಲ್ಲಿ ಒಣಗಿಸಿದರೆ ಅದು ಚೆರಿ. ಪಲ್ಪರ್‌ಗೆ ಹಾಕಿ ಸಿಪ್ಪೆ ತೆಗೆದು, ತೊಳೆದು ಒಣಗಿಸಿದರೆ ಪಾರ್ಚ್‌ಮೆಂಟ್. ಎರಡಕ್ಕೂ 50 ಕೆಜಿ ಚೀಲದ ಲೆಕ್ಕದಲ್ಲಿ ದರ. ಚೀಲ ಕ್ಯೂರಿಂಗ್ ವರ್ಕ್ಸಿಗೆ ಹೋದಾಗ ಅಲ್ಲಿನವರು ನಿಮ್ಮ ಪಲ್ಪರ್ ಯಾವ ಕಂಪನಿಯದು, ಕಣ ಸಿಮೆಂಟಿನದೋ ಸಗಣಿ ಸಾರಿಸಿದ್ದೋ ಎಂದು ಕೇಳುವುದಿಲ್ಲ. ಚೆರಿಯೋ ಪಾರ್ಚ್‌ಮೆಂಟೋ, ತೇವ ಎಷ್ಟು, ತೂಕ ಎಷ್ಟು ಎಂದಷ್ಟೇ ನೋಡುತ್ತಾರೆ. ಬೆಳೆಗಾರನೂ ಅವರ ಯಂತ್ರದ ಒಳಗನ್ನು ತಿಳಿಯಬೇಕಿಲ್ಲ. ಈ ಒಪ್ಪಿತ ರೂಪವೇ ಇಂಟರ್‌ಫೇಸ್. ಕೆಲಸ ಹೇಳುವವರು ಮತ್ತು ಮಾಡುವವರು ಪರಸ್ಪರರ ಒಳಮನೆ ನೋಡದೆ ವ್ಯವಹರಿಸಲು ಇರುವ ಒಪ್ಪಂದ.

ಇದೇ ಒಪ್ಪಂದವನ್ನು ಒಂದೇ ಕ್ಯೂರಿಂಗ್ ವರ್ಕ್ಸ್ ತನ್ನ ಇಚ್ಛೆಯಂತೆ ಬರೆದಿದೆ ಎಂದುಕೊಳ್ಳಿ. ನಮ್ಮ ಪಲ್ಪರ್‌ನಲ್ಲಿ ಮಾಡಿದ, ನಮ್ಮ ಚೀಲದಲ್ಲಿ ತುಂಬಿದ ಕಾಫಿ ಮಾತ್ರ ಸಾಕು ಎನ್ನುತ್ತದೆ. ಮೊದಲ ವರ್ಷ ದರ ಚೆನ್ನಾಗಿರಬಹುದು. ಹತ್ತನೇ ವರ್ಷಕ್ಕೆ ಆ ವರ್ಕ್ಸ್ ಬಾಗಿಲು ಹಾಕಿದರೆ ನಿಮ್ಮ ಕಾಫಿಯನ್ನು ಕೊಳ್ಳುವವರೇ ಇಲ್ಲ.

ಕಾರ್ಡಿನೊಳಗಿನ ಲಿಪಿ

ಭಾರತೀಯ ಲಿಪಿಗಳಿಗೆ ಕಂಪ್ಯೂಟರಿನಲ್ಲಿ ಮೊದಲು ಸಿಕ್ಕ ಗಟ್ಟಿ ನೆಲೆಗಳಲ್ಲೊಂದು ಒಂದು ಕಾರ್ಡು. 1980ರ ದಶಕದಲ್ಲಿ ಕಾನ್ಪುರದ ಐಐಟಿಯಲ್ಲಿ ಮೋಹನ್ ತಾಂಬೆ ಮತ್ತು ಸಂಗಡಿಗರು ಶುರು ಮಾಡಿದ ಕೆಲಸ ಮುಂದೆ ಪುಣೆಯ ಸಿ-ಡ್ಯಾಕ್ ಸಂಸ್ಥೆಯಲ್ಲಿ ‘ಜಿಸ್ಟ್’ ಹೆಸರಿನಲ್ಲಿ ಬೆಳೆಯಿತು. ಅಂದಿನ ಡಾಸ್ ಪರದೆಯಲ್ಲಿ ಅಡ್ಡಕ್ಕೆ 80, ಉದ್ದಕ್ಕೆ 25 ಮನೆಗಳು. ಒಂದು ಮನೆಗೆ ಒಂದು ಇಂಗ್ಲಿಷ್ ಅಕ್ಷರ. ಇಂಗ್ಲಿಷಿಗೆ ಈ ಚೌಕಾಬಾರ ಸಾಕಿತ್ತು. ‘ಸ್ತ್ರೀ’ ಎಂದು ಬರೆಯಲು ಕನ್ನಡಕ್ಕೆ ಮೇಲೆ ಜಾಗ ಬೇಕು, ಕೆಳಗೆ ಜಾಗ ಬೇಕು, ಪಕ್ಕದಲ್ಲೂ ಬೇಕು. ಜಿಸ್ಟ್ ಕಾರ್ಡನ್ನು ಕಂಪ್ಯೂಟರಿನೊಳಗೆ ಕೂರಿಸಿದರೆ ಅದು ಇಂಗ್ಲಿಷಿಗಾಗಿ ಬರೆದ ಪ್ರೋಗ್ರಾಮುಗಳಲ್ಲೂ ನಮ್ಮ ಲಿಪಿಯನ್ನು ಪರದೆಗೆ ತರುತ್ತಿತ್ತು.

ಅದರ ಹಿಂದಿದ್ದ ವಿಚಾರ ಕಾರ್ಡಿಗಿಂತ ದೊಡ್ಡದು. 1988ರಲ್ಲಿ ರೂಪುಗೊಂಡು, 1991ರಲ್ಲಿ ಐಎಸ್ 13194 ಎಂಬ ಭಾರತೀಯ ಮಾನಕವಾದ ‘ಇಸ್ಕಿ’ ಸಂಕೇತ ಕ್ರಮ, ಬ್ರಾಹ್ಮಿಯಿಂದ ಬಂದ ನಮ್ಮ ಲಿಪಿಗಳನ್ನೆಲ್ಲ ಒಂದೇ ವರ್ಣಮಾಲೆಯ ಹಲವು ಉಡುಪುಗಳೆಂದು ಕಂಡಿತು. ಕಡತದಲ್ಲಿ ಉಳಿಯುವುದು ‘ಕ’ ಎಂಬ ಅಕ್ಷರದ ಗುರುತು. ಅದು ಪರದೆಯ ಮೇಲೆ ಯಾವ ಆಕಾರ ತಾಳಬೇಕು ಎಂಬುದು ಚಿತ್ರ ಬಿಡಿಸುವವರ ಕೆಲಸ. ಅಕ್ಷರ ಬೇರೆ, ಅದರ ಚಿತ್ರ ಬೇರೆ. ಶಬ್ದಮಣಿದರ್ಪಣ ಓದಿದವರಿಗೆ ಇದು ಪರಿಚಿತ ವಿವೇಕ.

ಆದರೆ ಈ ವಿವೇಕ ಕಾರ್ಡಿಗೆ ಕಟ್ಟುಬಿದ್ದಿತ್ತು. ಕಾರ್ಡಿಗೆ ದುಡ್ಡು ಕೊಡಬೇಕು, ಕಾರ್ಡು ಇಲ್ಲದ ಕಡೆ ಕನ್ನಡ ಇಲ್ಲ. ಅಷ್ಟರಲ್ಲಿ ವಿಂಡೋಸ್ ಬಂತು. ಪರದೆಯ ಚೌಕಗಳೇ ಮಾಯವಾಗಿ, ಯಾವ ಆಕಾರವನ್ನು ಎಲ್ಲಿ ಬೇಕಾದರೂ ಬಿಡಿಸಬಹುದಾಯಿತು.

ಫಾಂಟುಗಳ ಪಾಳೆಯಪಟ್ಟು

ಈಗ ಜಾಣ ಉಪಾಯವೊಂದು ಎಲ್ಲರಿಗೂ ಹೊಳೆಯಿತು. ವಿಂಡೋಸ್ ಕನ್ನಡವನ್ನು ಅರಿಯದಿದ್ದರೇನು, ಇಂಗ್ಲಿಷ್ ಅರಿಯುತ್ತದಲ್ಲ? ಫಾಂಟಿನಲ್ಲಿ ಇಂಗ್ಲಿಷ್ ಮತ್ತು ಯುರೋಪಿನ ಅಕ್ಷರಗಳಿಗೆ ಇರುವ ಇನ್ನೂರು ಚಿಲ್ಲರೆ ಮನೆಗಳಲ್ಲಿ ಕನ್ನಡದ ತುಂಡುಗಳನ್ನು ಕೂರಿಸೋಣ. ಪಿ ಇದ್ದಲ್ಲಿ ತಲಕಟ್ಟಿಲ್ಲದ ಕಕಾರ, ಓರೆಗೆರೆಯ ಎ ಇದ್ದಲ್ಲಿ ತಲಕಟ್ಟು. ವಿಂಡೋಸ್ ತಾನು ಇಂಗ್ಲಿಷ್ ತೋರಿಸುತ್ತಿದ್ದೇನೆ ಎಂದೇ ನಂಬಿರುತ್ತದೆ; ಓದುವವರಿಗೆ ಕನ್ನಡ ಕಾಣುತ್ತದೆ.

ಈ ಉಪಾಯವನ್ನು ಇಂದು ಹಳಿಯುವುದು ಸುಲಭ. ಅಂದಿಗೆ ಅದು ಬಿಡುಗಡೆಯೇ ಆಗಿತ್ತು. ವಿಶೇಷ ಕಾರ್ಡು ಬೇಡ, ಪೇಜ್‌ಮೇಕರ್‌ನಂಥ ಪುಟವಿನ್ಯಾಸದ ತಂತ್ರಾಂಶದಲ್ಲೂ ಕನ್ನಡ ನಡೆಯುತ್ತದೆ. ಊರೂರಿನಲ್ಲಿ ಡಿಟಿಪಿ ಅಂಗಡಿಗಳು ಹುಟ್ಟಿದ್ದು, ಸಣ್ಣ ಪ್ರಕಾಶಕರು ಮೊಳೆ ಜೋಡಿಸುವ ಶ್ರಮ ಬಿಟ್ಟು ಪುಸ್ತಕ ತಂದದ್ದು ಇದರಿಂದಲೇ. ಆದರೆ ಯಾವ ತುಂಡು ಯಾವ ಮನೆಯಲ್ಲಿ ಎಂಬುದನ್ನು ಪ್ರತಿ ಕಂಪನಿಯೂ ತಾನೇ ನಿರ್ಧರಿಸಿತು. ಪ್ರಕಾಶಕ್ ಒಂದು ಬಗೆ, ಶ್ರೀಲಿಪಿ ಇನ್ನೊಂದು, ಆಕೃತಿ ಮತ್ತೊಂದು. ಒಂದರಲ್ಲಿ ಬರೆದ ಕತೆಯನ್ನು ಇನ್ನೊಂದು ಇರುವ ಪತ್ರಿಕಾ ಕಚೇರಿಗೆ ಕಳಿಸಿದರೆ ಅಲ್ಲಿ ಮತ್ತೆ ಟೈಪ್ ಮಾಡಿಸಬೇಕು. ಇಸ್ಕಿ ಬೇರ್ಪಡಿಸಿದ್ದ ಅಕ್ಷರ ಮತ್ತು ಚಿತ್ರ ಮತ್ತೆ ಒಂದಾದವು. ಕಡತದಲ್ಲಿ ಉಳಿದದ್ದು ಅಕ್ಷರವಲ್ಲ, ಚಿತ್ರದ ತುಂಡುಗಳು. ಹುಡುಕಲು ಆಗದು, ಅಕಾರಾದಿಯಾಗಿ ಜೋಡಿಸಲು ಬೇರೆಯೇ ಸಲಕರಣೆ ಬೇಕು.

ಈ ಪಾಳೆಯಪಟ್ಟುಗಳ ನಡುವೆ ಕೆಲವರು ಸೇತುವೆ ಕಟ್ಟಿದರು. ಕಿನ್ನಿಕಂಬಳ ಪದ್ಮನಾಭ ರಾವ್, ನಾವೆಲ್ಲ ಕರೆಯುವಂತೆ ಕೆ.ಪಿ. ರಾವ್, ಕನ್ನಡದ ಉಚ್ಚಾರಣೆಯ ತರ್ಕಕ್ಕೆ ಒಗ್ಗುವ ಕೀಲಿಮಣೆ ವಿನ್ಯಾಸವನ್ನು ರೂಪಿಸಿದರು. ತಮ್ಮ ತಂತ್ರಾಂಶಕ್ಕೆ ವಿದ್ವಾಂಸ ಸೇಡಿಯಾಪು ಕೃಷ್ಣಭಟ್ಟರ ಹೆಸರಿಟ್ಟು ಎಲ್ಲರಿಗೂ ಉಚಿತವಾಗಿ ಬಿಟ್ಟರು. ಕೆ ಒತ್ತಿದರೆ ಕ, ಒತ್ತಕ್ಷರಕ್ಕೆ ನಡುವೆ ಒಂದು ಎಫ್. ಅಕ್ಷರ ಹುಟ್ಟುವ ಕ್ರಮವೇ ಬೆರಳಿನ ಕ್ರಮ. 1998ರಲ್ಲಿ ಶೇಷಾದ್ರಿವಾಸು ಚಂದ್ರಶೇಖರನ್ ಅಮೆರಿಕದಲ್ಲಿದ್ದುಕೊಂಡು ‘ಬರಹ’ವನ್ನು ಹೊರತಂದರು, ಹೊರದೇಶದ ಕನ್ನಡಿಗರು ಊರಿಗೆ ಕನ್ನಡದಲ್ಲೇ ಬರೆಯತೊಡಗಿದರು. ಶತಮಾನ ತಿರುಗುವ ಹೊತ್ತಿಗೆ ಕರ್ನಾಟಕ ಸರ್ಕಾರ ಕೆ.ಪಿ. ರಾವ್ ವಿನ್ಯಾಸವನ್ನು ಒಪ್ಪಿತು. ಕನ್ನಡ ಗಣಕ ಪರಿಷತ್ತಿನ ಮುಂದಾಳತ್ವದಲ್ಲಿ ಅಕ್ಷರದ ತುಂಡುಗಳಿಗೆ ಒಂದೇ ಪಟ್ಟಿ ಸಿದ್ಧವಾಯಿತು, ‘ನುಡಿ’ ಬಂತು. ಬರಹವೂ ಆ ಪಟ್ಟಿಗೆ ಹೊಂದಿಕೊಂಡದ್ದರಿಂದ ಇವೆರಡರ ನಡುವೆ ಕಡತಗಳು ಓಡಾಡಿದವು. ಕನ್ನಡ ಗಣಕ ಲೋಕದಲ್ಲಿ ಇದು ಸಣ್ಣ ಸಾಧನೆಯಲ್ಲ. ಆದರೂ ಒಪ್ಪಂದ ನಮ್ಮ ನಮ್ಮೊಳಗೇ ಇತ್ತು. ಜಗತ್ತಿನ ಉಳಿದ ಯಂತ್ರಗಳ ಕಣ್ಣಿಗೆ ಅದು ಇನ್ನೂ ಪಿ, ಎ, ಪೌಂಡ್ ಚಿಹ್ನೆಯೇ.

ಮೂಡಿಗೆರೆಯಿಂದ ಎದ್ದ ಪ್ರಶ್ನೆ

ಇಲ್ಲಿ ಪೂರ್ಣಚಂದ್ರ ತೇಜಸ್ವಿ ಬರುತ್ತಾರೆ. ‘ಕರ್ವಾಲೊ’ ಬರೆದ ತೇಜಸ್ವಿ, ಕಾಫಿ ಬೆಳೆದ ತೇಜಸ್ವಿ, ಹಕ್ಕಿಗಳ ಫೋಟೊ ತೆಗೆದ ತೇಜಸ್ವಿ ಎಲ್ಲರಿಗೂ ಗೊತ್ತು. ಮೂಡಿಗೆರೆ ಹ್ಯಾಂಡ್‌ಪೋಸ್ಟಿನ ‘ನಿರುತ್ತರ’ದಲ್ಲಿ ಕುಳಿತು ಅವರು ಕೊನೆಯ ವರ್ಷಗಳಲ್ಲಿ ಕನ್ನಡ ತಂತ್ರಾಂಶದ ಹಿಂದೆ ಬಿದ್ದದ್ದು ಸಾಹಿತ್ಯ ಚರಿತ್ರೆಗಳಲ್ಲಿ ಒಂದು ಸಾಲಿನಲ್ಲಿ ಮುಗಿದುಹೋಗುತ್ತದೆ. ಹಂಪಿಯ ಕನ್ನಡ ವಿಶ್ವವಿದ್ಯಾಲಯದ ಜೊತೆ ಸೇರಿ ಕುವೆಂಪು ಹೆಸರಿನ ಕನ್ನಡ ತಂತ್ರಾಂಶವೊಂದು ರೂಪುಗೊಳ್ಳಲು ಅವರು ದುಡಿದರು. 2007ರ ಏಪ್ರಿಲ್ 5ರಂದು ತೀರಿಕೊಳ್ಳುವ ತನಕ ಅದು ಅವರ ತಲೆಯಲ್ಲಿದ್ದ ಕೆಲಸಗಳಲ್ಲಿ ಒಂದು.

ಇದನ್ನು ಒಬ್ಬ ಲೇಖಕರ ಹವ್ಯಾಸ ಎಂದು ಓದುವುದು ಸರಿಯಲ್ಲ ಎಂಬುದು ನನ್ನ ಅನಿಸಿಕೆ. ಸ್ಕೂಟರ್ ಬಿಚ್ಚಿ ಜೋಡಿಸಿದಂತೆ ಕಂಪ್ಯೂಟರನ್ನೂ ಬಿಚ್ಚಿದರು ಎಂದು ನಕ್ಕು ಮುಂದೆ ಹೋಗಬಹುದು. ಆದರೆ ಭಾಷೆಯ ಅಭಿಮಾನದ ಭಾಷಣಗಳು ಜೋರಾಗಿದ್ದ ದಿನಗಳಲ್ಲಿ, ಕನ್ನಡ ಬಾಳುವುದು ಅದು ಯಂತ್ರದೊಳಗೆ ಕೆಲಸ ಮಾಡಿದರೆ ಎಂದು ಹಿಡಿದು ಕೂತ ಸಾಹಿತಿಗಳು ಕಡಿಮೆ. ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಗಳ ನಡುವಿನಿಂದ ಏಳಬೇಕಿದ್ದ ಪ್ರಶ್ನೆ ಮಲೆನಾಡಿನ ಕಾಫಿ ತೋಟದಿಂದ ಎದ್ದಿತು. ಅದಕ್ಕೆ ಕಾರಣವೂ ಇದ್ದಿರಬೇಕು. ನಗರದಲ್ಲಿರುವವರಿಗೆ ಕನ್ನಡ ಕಾಣದಿದ್ದರೆ ಇಂಗ್ಲಿಷ್ ಇದೆ. ತೋಟದ ರೈಟರಿಗೆ, ಪಂಚಾಯಿತಿ ಕಚೇರಿಗೆ, ಸರ್ಕಾರಿ ಶಾಲೆಯ ಮೇಷ್ಟರಿಗೆ ಕನ್ನಡ ಕಾಣದಿದ್ದರೆ ಕಂಪ್ಯೂಟರೇ ಇಲ್ಲದಂತೆ.

ಅರ್ಕಾವತ್ತಿನ ಜಗಳ

ಅಷ್ಟು ಹೊತ್ತಿಗೆ ದೊಡ್ಡ ಒಪ್ಪಂದವೊಂದು ಸಿದ್ಧವಾಗಿತ್ತು. 1991ರಲ್ಲಿ ಮೊದಲ ಆವೃತ್ತಿ ಕಂಡ ಯೂನಿಕೋಡ್ ಜಗತ್ತಿನ ಲಿಪಿಗಳಿಗೆಲ್ಲ ತಲಾ ಒಂದು ಮನೆ ಕೊಟ್ಟಿತು. ಕನ್ನಡಕ್ಕೆ 128 ಮನೆಗಳ ಒಂದು ಬೀದಿ. ಅಕ್ಷರಗಳನ್ನು ಕೂರಿಸಿದ ಕ್ರಮ ಇಸ್ಕಿಯಿಂದಲೇ ಬಂದದ್ದು. ಕಾರ್ಡು ಹೋಯಿತು, ಕಾರ್ಡಿನ ವಿವೇಕ ಜಗತ್ತಿನ ಮಾನಕದೊಳಗೆ ಸೇರಿಕೊಂಡಿತು.

ಆದರೆ ಕಡತದಲ್ಲಿ ಅಕ್ಷರ ಒಂದೇ ಆದರೆ ಸಾಲದು. ಅದರ ಚಿತ್ರ ಬಿಡಿಸುವ ತಂತ್ರಾಂಶ ಪ್ರತಿ ಯಂತ್ರದಲ್ಲೂ ಇರಬೇಕು. ‘ಸ’, ಹಲಂತ, ‘ತ’, ಹಲಂತ, ‘ರ’, ದೀರ್ಘ ‘ಈ’ ಎಂಬ ಸರಣಿಯನ್ನು ನೋಡಿ ‘ಸ್ತ್ರೀ’ ಎಂದು ಜೋಡಿಸುವ ಮೇಸ್ತ್ರಿ ಬೇಕು. ವಿಂಡೋಸ್‌ಗೆ ಆ ಮೇಸ್ತ್ರಿಯ ಹೆಸರು ಯೂನಿಸ್ಕ್ರೈಬ್. 2001ರ ವಿಂಡೋಸ್ ಎಕ್ಸ್‌ಪಿಯಲ್ಲಿ ಅದು ಕನ್ನಡ ಕಲಿಯಿತು, ಜೊತೆಗೆ ‘ತುಂಗಾ’ ಎಂಬ ಫಾಂಟ್ ಬಂತು. ಲಿನಕ್ಸಿನ ಒಂದು ಬಗೆಯಲ್ಲಿ ಪ್ಯಾಂಗೊ, ಇನ್ನೊಂದರಲ್ಲಿ ಕ್ಯೂಟಿ, ಓಪನ್ ಆಫೀಸ್‌ನಲ್ಲಿ ಮತ್ತೊಂದು, ಆಪಲ್‌ನಲ್ಲಿ ಬೇರೊಂದು. ಹೀಗೆ ನಾಲ್ಕಾರು ಮೇಸ್ತ್ರಿಗಳು, ಪ್ರತಿಯೊಬ್ಬರದೂ ಸ್ವಲ್ಪ ಬೇರೆ ಕೈ. ಒಂದೇ ಯೂನಿಕೋಡ್ ಕಡತ ಒಂದು ಕಡೆ ಸರಿಯಾಗಿ, ಇನ್ನೊಂದು ಕಡೆ ಒತ್ತು ಜಾರಿ ಕಾಣುತ್ತಿತ್ತು. ಮೊದಮೊದಲ ಆಂಡ್ರಾಯ್ಡ್ ಫೋನುಗಳಲ್ಲಿ ಕನ್ನಡ ಎಂದರೆ ಚೌಕ ಡಬ್ಬಿಗಳ ಸಾಲು.

ಇವರ ನಡುವಿನ ಜಗಳ ತಿಳಿಯಲು ಒಂದೇ ಉದಾಹರಣೆ ಸಾಕು. ‘ಸೂರ್ಯ’ ಎಂದು ಬರೆಯುವಾಗ ರಕಾರ ಅರ್ಕಾವತ್ತಾಗಿ ಯಕಾರದ ನಂತರ ಕೂರುತ್ತದೆ. ಆದರೆ ಇಂಗ್ಲಿಷಿನಿಂದ ಬಂದ ‘ರ‍್ಯಾಂಕ್’, ‘ರ‍್ಯಾಲಿ’ ಪದಗಳಲ್ಲಿ ರಕಾರ ಪೂರ್ತಿಯಾಗಿ ನಿಂತು ಯಕಾರ ಕೆಳಗೆ ಒತ್ತಾಗುತ್ತದೆ. ಎರಡೂ ಕಡೆ ಅಕ್ಷರಗಳು ಅವೇ: ರ, ಹಲಂತ, ಯ. ಇಲ್ಲಿ ಅರ್ಕಾವತ್ತು ಬೇಡ ಎಂದು ಯಂತ್ರಕ್ಕೆ ಹೇಳಲು ಕಣ್ಣಿಗೆ ಕಾಣದ ಒಂದು ‘ಜೋಡಕ’ ಗುರುತನ್ನು ನಡುವೆ ಇಡುತ್ತಾರೆ. ಎಲ್ಲಿ ಇಡಬೇಕು? ಹಲಂತದ ನಂತರ ಇಟ್ಟು ಬರೆದವರು ಬಹಳ ಮಂದಿ. ಮುಂದೆ ಯೂನಿಕೋಡ್ ಮಾನಕ, ರಕಾರದ ಬೆನ್ನಿಗೆ, ಹಲಂತಕ್ಕೆ ಮೊದಲು ಇಡಬೇಕೆಂದು ಬರೆದಿಟ್ಟಿತು. ಹೊಸ ನಿಯಮವನ್ನು ಕಟ್ಟುನಿಟ್ಟಾಗಿ ಹಿಡಿದರೆ ಅದುವರೆಗೆ ಬರೆದ ರ‍್ಯಾಂಕುಗಳೆಲ್ಲ ಕೆಡುತ್ತವೆ. ಹಳೆಯದನ್ನೇ ಹಿಡಿದರೆ ಮಾನಕಕ್ಕೆ ಬೆಲೆ ಇಲ್ಲ.

ಇದಕ್ಕೆ ಸಿಕ್ಕ ಪರಿಹಾರ ಸುಂದರವಾಗಿದೆ. ಇಂದು ಕ್ರೋಮ್, ಫೈರ್‌ಫಾಕ್ಸ್, ಆಂಡ್ರಾಯ್ಡ್, ಲಿಬ್ರೆ ಆಫೀಸ್ ಎಲ್ಲವೂ ಬಳಸುವ ಮೇಸ್ತ್ರಿಯ ಹೆಸರು ಹಾರ್ಫ್‌ಬಝ್. ಇರಾನ್ ಮೂಲದ ಬೆಹದಾದ್ ಎಸ್ಫಹಬೋದ್ ಮುಂದಾಳತ್ವದಲ್ಲಿ ಬೆಳೆದ, ಯಾರು ಬೇಕಾದರೂ ತೆರೆದು ನೋಡಬಹುದಾದ ತಂತ್ರಾಂಶ ಇದು. ಹೆಸರು ಪಾರ್ಸಿಯದು, ‘ತೆರೆದ ಅಕ್ಷರ’ ಎಂಬರ್ಥ. ಅದರ ಮೂಲ ಬರಹದಲ್ಲಿ ಕನ್ನಡಕ್ಕೆಂದೇ ಬರೆದ ಒಂದು ಪುಟ್ಟ ಭಾಗವಿದೆ: ಕನ್ನಡದ ಹಳೆಯ ಬಳಕೆಗೆ ಹೊಂದಿಕೊಳ್ಳಲು, ರಕಾರದ ನಂತರ ಹಲಂತ ಮತ್ತು ಜೋಡಕ ಹಳೆಯ ಕ್ರಮದಲ್ಲಿ ಬಂದರೂ ಹೊಸ ಕ್ರಮದಲ್ಲಿ ಬಂದಂತೆಯೇ ನಡೆದುಕೊಳ್ಳಬೇಕು ಎಂದು. ಹೊಸ ನಿಯಮ ನಿಂತಿತು, ಹಳೆಯ ಬರಹವೂ ಉಳಿಯಿತು. ಕೋಟ್ಯಂತರ ಫೋನುಗಳಲ್ಲಿ ಆ ನಾಲ್ಕು ಸಾಲು ಸದ್ದಿಲ್ಲದೆ ಕೆಲಸ ಮಾಡುತ್ತಿದೆ.

ಒಬ್ಬನೇ ಗಿರಾಕಿಯ ಗಣಿ

ಇರಾನಿನ ಹೆಸರು ಬಂದದ್ದರಿಂದ ಕುದುರೆಮುಖಕ್ಕೆ ಹೋಗೋಣ. ನಮ್ಮ ಗುಡ್ಡಗಳಲ್ಲೂ ಇಂಥದೇ ಪಾಠವೊಂದಿದೆ. ಕುದುರೆಮುಖ ಕಬ್ಬಿಣದ ಅದಿರು ಕಂಪನಿ 1976ರಲ್ಲಿ ಹುಟ್ಟಿದ್ದು ಒಬ್ಬನೇ ಗಿರಾಕಿಯನ್ನು ನಂಬಿ. ಇರಾನಿನ ಶಾ ಸರ್ಕಾರ ಸಾಲ ಕೊಡುತ್ತದೆ, ಅದಿರನ್ನೂ ಕೊಳ್ಳುತ್ತದೆ ಎಂಬ ಒಪ್ಪಂದ. ಗುಡ್ಡ ಬಗೆದು, ಅದಿರನ್ನು ನುಣ್ಣಗೆ ಅರೆದು, ನೀರಿನಲ್ಲಿ ಕಲಸಿ, 67 ಕಿಲೋಮೀಟರ್ ಕೊಳವೆಯಲ್ಲಿ ಘಟ್ಟ ಇಳಿಸಿ ಮಂಗಳೂರಿಗೆ ಸಾಗಿಸುವ ಏರ್ಪಾಡು. 1979ರಲ್ಲಿ ಇರಾನಿನಲ್ಲಿ ಕ್ರಾಂತಿಯಾಯಿತು. ಗಿರಾಕಿ ಹೋದ. ಗುಡ್ಡ, ಗಣಿ, ಕೊಳವೆ ಎಲ್ಲ ಇದ್ದವು, ಕೊಳ್ಳುವವರಿಲ್ಲ.

ಕಂಪನಿ ಬೇರೆ ದೇಶಗಳ ಗಿರಾಕಿಗಳನ್ನು ಹುಡುಕಿತು. 1987ರಲ್ಲಿ ಮಂಗಳೂರಿನಲ್ಲಿ ಪೆಲೆಟ್ ಘಟಕ ಶುರುವಾಯಿತು; ಅದಿರಿನ ಪುಡಿಯನ್ನು ಉಂಡೆ ಕಟ್ಟಿ ಸುಟ್ಟರೆ ಬೇರೆ ಬೇರೆ ಕುಲುಮೆಗಳು ಅದನ್ನು ಸ್ವೀಕರಿಸುತ್ತವೆ. ಭದ್ರೆಯ ಮತ್ತು ಕಾಡಿನ ಪರವಾದ ದೀರ್ಘ ಹೋರಾಟದ ನಂತರ, ಸುಪ್ರೀಂ ಕೋರ್ಟ್ ಆದೇಶದಂತೆ 2005ರ ಕೊನೆಗೆ ಗಣಿಗಾರಿಕೆ ನಿಂತಿತು. ಅದು ನಿಲ್ಲಬೇಕಾದದ್ದೇ. ಆದರೆ ಪೆಲೆಟ್ ಘಟಕ ಬೇರೆಡೆಯ ಅದಿರು ತರಿಸಿಕೊಂಡು ಮುಂದುವರಿಯಿತು. ಒಬ್ಬನಿಗಾಗಿ ಕಟ್ಟಿದ ಭಾಗ ಅವನೊಂದಿಗೇ ಕುಸಿಯಿತು. ಹಲವರಿಗೆ ಹೊಂದುವ ರೂಪಕ್ಕೆ ತಿರುಗಿಸುವ ಭಾಗ ಗಣಿಗಿಂತ ಹೆಚ್ಚು ಕಾಲ ಬಾಳಿತು.

ಗ್ರಾಫಿಕ್ಸ್ ಲೋಕದ ಚರಿತ್ರೆಯೂ ಹೀಗೆಯೇ ಇದೆ. ಸಿಲಿಕಾನ್ ಗ್ರಾಫಿಕ್ಸ್ ಎಂಬ ಕಂಪನಿ ತನ್ನ ಯಂತ್ರಗಳಿಗೆಂದು ಬರೆದಿದ್ದ ಚಿತ್ರ ಬಿಡಿಸುವ ಆಜ್ಞೆಗಳನ್ನು 1992ರಲ್ಲಿ ಓಪನ್‌ಜಿಎಲ್ ಎಂದು ಎಲ್ಲರಿಗೂ ತೆರೆಯಿತು. ಯಾವ ಕಂಪನಿಯ ಚಿಪ್ಪಿದ್ದರೂ ಅವೇ ಆಜ್ಞೆಗಳು. 1995ರಲ್ಲಿ ಮೈಕ್ರೋಸಾಫ್ಟ್ ವಿಂಡೋಸ್‌ಗೆ ಮಾತ್ರ ಸೇರಿದ ಡೈರೆಕ್ಟ್ಎಕ್ಸ್ ತಂದಿತು. ಆಟಗಳನ್ನು ಬರೆಯುವವರು ಅತ್ತ ಹೋದರು, ಆ ಆಟಗಳು ಬೇರೆ ಯಂತ್ರಗಳಲ್ಲಿ ಓಡಲಿಲ್ಲ. ಆಪಲ್ 2014ರಲ್ಲಿ ಮೆಟಲ್ ಎಂಬ ತನ್ನದೇ ದಾರಿ ಹಿಡಿದು, 2018ರಲ್ಲಿ ಓಪನ್‌ಜಿಎಲ್‌ಗೆ ಇನ್ನು ಮುಂದೆ ಆಸರೆ ಇಲ್ಲ ಎಂದಿತು. 2016ರಲ್ಲಿ ಕ್ರೋನೋಸ್ ಎಂಬ ಕೂಟ ವಲ್ಕನ್ ಹೆಸರಿನ ಹೊಸ ತೆರೆದ ಒಪ್ಪಂದ ತಂದಿತು. ಆಪಲ್ ಅದನ್ನು ತನ್ನ ಮನೆಯೊಳಗೆ ಬಿಟ್ಟುಕೊಳ್ಳಲಿಲ್ಲ.

ಆಮೇಲೆ ಬಂದವರು ದುಭಾಷಿಗಳು. ವಲ್ಕನ್ ಆಜ್ಞೆಯನ್ನು ಮೆಟಲ್‌ಗೆ ತಿಳಿಯುವಂತೆ ತಿರುಗಿಸುವ ಮೋಲ್ಟನ್‌ವಿಕೆ, ಡೈರೆಕ್ಟ್ಎಕ್ಸ್ ಮಾತನ್ನು ವಲ್ಕನ್‌ಗೆ ತಿರುಗಿಸುವ ಡಿಎಕ್ಸ್‌ವಿಕೆ. ವಾಲ್ವ್ ಕಂಪನಿ 2018ರಲ್ಲಿ ಬಿಟ್ಟ ಪ್ರೋಟಾನ್ ಮೂಲಕ ವಿಂಡೋಸ್‌ಗೆಂದೇ ಬರೆದ ಆಟಗಳು ಲಿನಕ್ಸಿನಲ್ಲಿ ಓಡತೊಡಗಿದವು. ಪೆಲೆಟ್ ಘಟಕದ ಕೆಲಸವೇ ಇದು. ದುಭಾಷಿಯ ಮೂಲಕ ಮಾತನಾಡಿದರೆ ಸ್ವಲ್ಪ ತಡವಾಗುತ್ತದೆ, ಕೆಲವು ಸೂಕ್ಷ್ಮಗಳು ತಪ್ಪುತ್ತವೆ. ಅನುವಾದ ಓದುವವರಿಗೆ ಇದು ಹೊಸದೇನಲ್ಲ. ಆದರೂ ಅನುವಾದವಿಲ್ಲದೆ ನಾವು ಟಾಲ್‌ಸ್ಟಾಯ್‌ನನ್ನು ಓದುತ್ತಿರಲಿಲ್ಲ.

ಕನ್ನಡದ ಅಕ್ಷರಕ್ಕೂ ಈ ಜಗಳಕ್ಕೂ ನೇರ ಸಂಬಂಧವಿದೆ. ನೀವು ಈ ಸಾಲನ್ನು ಕ್ರೋಮ್‌ನಲ್ಲಿ ಓದುತ್ತಿದ್ದರೆ, ಕಡತದಲ್ಲಿರುವುದು ಯೂನಿಕೋಡ್. ಒತ್ತು, ಗುಡಿಸುಗಳನ್ನು ಜೋಡಿಸಿದ್ದು ಹಾರ್ಫ್‌ಬಝ್. ಚಿತ್ರವಾಗಿ ಬಿಡಿಸಿದ್ದು ಸ್ಕಿಯಾ ಎಂಬ ತಂತ್ರಾಂಶ. ಅದು ನಿಮ್ಮ ಯಂತ್ರದಲ್ಲಿರುವುದನ್ನು ನೋಡಿಕೊಂಡು ಓಪನ್‌ಜಿಎಲ್‌, ವಲ್ಕನ್, ಮೆಟಲ್ ಅಥವಾ ಡೈರೆಕ್ಟ್ಎಕ್ಸ್ ಮೂಲಕ ಗ್ರಾಫಿಕ್ಸ್ ಚಿಪ್ಪಿಗೆ ಕೆಲಸ ಹೇಳುತ್ತದೆ. ಒಂದು ‘ಸ್ತ್ರೀ’ ಕಾಣಲು ಇಷ್ಟು ಒಪ್ಪಂದಗಳು ಒಂದರ ಮೇಲೊಂದು ನಿಲ್ಲಬೇಕು.

ಲೆಕ್ಕದ ಹೊಸ ಪಾಳೆಯ

ತೇಜಸ್ವಿ ತೀರಿಕೊಂಡ 2007ರಲ್ಲೇ ಎನ್ವಿಡಿಯಾ ಕಂಪನಿ ಕುಡಾ ಎಂಬ ಇಂಟರ್‌ಫೇಸನ್ನು ಬಳಕೆಗೆ ಬಿಟ್ಟಿತು. ಗ್ರಾಫಿಕ್ಸ್ ಚಿಪ್ಪಿನಲ್ಲಿ ಚಿತ್ರವಲ್ಲದೆ ಯಾವ ಲೆಕ್ಕವನ್ನಾದರೂ ಮಾಡಿಸುವ ದಾರಿ ಇದು. ಆದರೆ ಆ ಕಂಪನಿಯ ಚಿಪ್ಪಿನಲ್ಲಿ ಮಾತ್ರ. ಮರುವರ್ಷವೇ ಆಪಲ್ ಮುಂದಾಗಿ, ಕ್ರೋನೋಸ್ ಕೂಟದ ಮೂಲಕ ಓಪನ್‌ಸಿಎಲ್ ಎಂಬ ಎಲ್ಲರ ಒಪ್ಪಂದ ಬಂತು. ಹತ್ತು ವರ್ಷಗಳ ನಂತರ, ಓಪನ್‌ಜಿಎಲ್ ಬಿಟ್ಟ ದಿನವೇ ಆಪಲ್ ತಾನು ಹುಟ್ಟಿಸಿದ ಓಪನ್‌ಸಿಎಲ್ ಕೈಯನ್ನೂ ಬಿಟ್ಟಿತು. ಎಎಂಡಿ ಕಂಪನಿ 2016ರಲ್ಲಿ ಆರ್‌ಒಸಿಎಂ ತಂದು, ಕುಡಾದಲ್ಲಿ ಬರೆದದ್ದನ್ನು ತನ್ನ ಚಿಪ್ಪಿಗೆ ತಿರುಗಿಸುವ ಸಲಕರಣೆಗಳನ್ನು ಕೊಟ್ಟಿತು. ಅಷ್ಟರಲ್ಲಿ ಕುಡಾ ಪುಸ್ತಕಗಳಲ್ಲಿ, ಪಾಠಗಳಲ್ಲಿ, ಪ್ರಯೋಗಾಲಯಗಳಲ್ಲಿ ಬೇರು ಬಿಟ್ಟಾಗಿತ್ತು. ಅದಕ್ಕೆ ಅದರ ಗುಣವೂ ಕಾರಣ: ಚೆನ್ನಾಗಿ ಕೆಲಸ ಮಾಡುತ್ತದೆ, ಕಲಿಯಲು ಸಾಮಗ್ರಿ ಇದೆ. ಪೇಜ್‌ಮೇಕರ್ ಮತ್ತು ಡಿಟಿಪಿ ಫಾಂಟು ನಮ್ಮಲ್ಲಿ ಬೇರು ಬಿಟ್ಟದ್ದೂ ಹೀಗೆಯೇ, ಅಂದಿನ ಕೆಲಸ ಆಗುತ್ತದೆ ಎಂದು.

ಇದು ಕನ್ನಡ ವಿದ್ಯಾರ್ಥಿಗಳಿಗೆ ಏಕೆ ಬೇಕು? ಹಳೆಯ ಪುಸ್ತಕದ ಪುಟವನ್ನು ನೋಡಿ ಅಕ್ಷರ ಗುರುತಿಸುವ ತಂತ್ರಾಂಶ, ಮಾತನ್ನು ಬರಹಕ್ಕಿಳಿಸುವ ತಂತ್ರಾಂಶ, ಅನುವಾದ ಮಾಡುವ ತಂತ್ರಾಂಶ, ಎಲ್ಲವೂ ಈಗ ಗ್ರಾಫಿಕ್ಸ್ ಚಿಪ್ಪಿನ ಲೆಕ್ಕದ ಮೇಲೆ ನಿಂತಿವೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎ.ಜಿ. ರಾಮಕೃಷ್ಣನ್ ಅವರ ತಂಡ ಕನ್ನಡ ಅಚ್ಚಿನ ಪುಟಗಳಿಗಾಗಿ ‘ಲಿಪಿ ಜ್ಞಾನಿ’ ರೂಪಿಸಿದೆ. ಮದ್ರಾಸಿನ ಐಐಟಿಯ ಎಐ4ಭಾರತ್ ತಂಡ ಭಾರತೀಯ ಭಾಷೆಗಳ ಮಾದರಿಗಳನ್ನು ತೆರೆದಿಟ್ಟಿದೆ. ಇಂಥ ಮಾದರಿಗಳು ಒಂದು ಕಂಪನಿಯ ದುಬಾರಿ ಚಿಪ್ಪಿಗೆ ಕಟ್ಟುಬಿದ್ದರೆ ಕಳಸದ ಪದವಿಪೂರ್ವ ಕಾಲೇಜಿನ ಹಳೆಯ ಕಂಪ್ಯೂಟರಿಗೆ ತಲುಪುವುದಿಲ್ಲ. 2017ರಲ್ಲಿ ಶುರುವಾದ ಒಎನ್ಎನ್ಎಕ್ಸ್ ಎಂಬ ಮಾದರಿ ವಿನಿಮಯದ ರೂಪ, ಬ್ರೌಸರಿನೊಳಗೇ ಯಾವ ಚಿಪ್ಪಿನಲ್ಲಾದರೂ ಲೆಕ್ಕ ಮಾಡಿಸುವ, 2023ರಲ್ಲಿ ಕ್ರೋಮ್‌ಗೆ ಬಂದ ವೆಬ್‌ಜಿಪಿಯು ಮುಂತಾದವು ನಮಗೆ ಮುಖ್ಯವಾಗುವುದು ಇದರಿಂದ. ಕಡಿಮೆ ದುಡ್ಡಿನ ಭಾಷೆಗಳಿಗೆ ಹೊಂದಾಣಿಕೆ ಎಂಬುದು ಸೌಕರ್ಯವಲ್ಲ, ಒಳಗೆ ಬರಲು ಇರುವ ಬಾಗಿಲು.

ಆದರೆ ಚಿಪ್ಪು ಯಾವುದಿದ್ದರೂ ಕಲಿಯಲು ಪಠ್ಯ ಬೇಕು. ಯಂತ್ರ ಕಲಿಯುವುದು ತನಗೆ ಓದಲು ಬರುವ ಕನ್ನಡದಿಂದ. ಇಲ್ಲಿ ನಾವು ಮತ್ತೆ ಆ ಹಳೆಯ ಕಡತಗಳ ಮುಂದೆ ನಿಲ್ಲುತ್ತೇವೆ. ಮಲೆನಾಡಿನ ಸಣ್ಣ ಪತ್ರಿಕೆಗಳು, ಜಿಲ್ಲಾ ಸಮ್ಮೇಳನಗಳ ಸ್ಮರಣ ಸಂಚಿಕೆಗಳು, ಜಾನಪದ ಸಂಗ್ರಹಗಳು, ತೊಂಬತ್ತರ ದಶಕದ ಮೊದಲ ಕಥಾಸಂಕಲನಗಳು ಹಳೆಯ ಸಂಕೇತದಲ್ಲಿ ಉಳಿದರೆ, ನಾಳಿನ ಯಂತ್ರ ಕಲಿಯುವ ಕನ್ನಡದಲ್ಲಿ ಈ ಗುಡ್ಡಗಳ ಮಾತು ಇರುವುದಿಲ್ಲ. ಇರುವುದು ಅಂತರ್ಜಾಲದಲ್ಲಿ ಸುಲಭವಾಗಿ ಸಿಗುವ ಸುದ್ದಿಯ ಕನ್ನಡ ಮತ್ತು ಜಾಹೀರಾತಿನ ಕನ್ನಡ. ಮನುಷ್ಯ ಓದುಗರ ಪಾಡೂ ಬೇರೆಯಲ್ಲ. ನುಡಿಯಲ್ಲಿ ಸಿದ್ಧವಾದ ಪಿಡಿಎಫ್‌ನಲ್ಲಿ ‘ಹೊಲೆಮನೆ’ ಅಥವಾ ‘ಭೂತಾರಾಧನೆ’ ಎಂದು ಹುಡುಕಿದರೆ ಸಿಗದು. ಸಿಗದ್ದನ್ನು ಮುಂದಿನ ಸಂಶೋಧಕ ಇಲ್ಲವೆಂದೇ ತಿಳಿಯುತ್ತಾನೆ.

ಇದಕ್ಕೆ ದೊಡ್ಡ ಯೋಜನೆಗಾಗಿ ಕಾಯಬೇಕಿಲ್ಲ. ನುಡಿ, ಬರಹದ ಸಂಕೇತವನ್ನು ಯೂನಿಕೋಡ್‌ಗೆ ತಿರುಗಿಸುವ ಪರಿವರ್ತಕಗಳನ್ನು ಕನ್ನಡದ ಸ್ವಯಂಸೇವಕರು ಎಂದೋ ಉಚಿತವಾಗಿ ಕೊಟ್ಟಿದ್ದಾರೆ. ತಿರುಗಿಸಿದ ಮೇಲೆ ಅರ್ಕಾವತ್ತು, ಒತ್ತು, ಅಂಕಿಗಳನ್ನು ಕಣ್ಣಿಟ್ಟು ನೋಡಬೇಕು. ಕನ್ನಡದ ನಡುವೆ ಬಂದ ಇಂಗ್ಲಿಷ್ ಪದಗಳು ಕಲಸಿಹೋಗಿರುತ್ತವೆ, ಅವನ್ನು ಕೈಯಿಂದಲೇ ತಿದ್ದಬೇಕು. ಸಾಹಿತ್ಯದ ವಿದ್ಯಾರ್ಥಿಗಳು ಗ್ರಂಥಸಂಪಾದನೆಯ ತರಗತಿಯಲ್ಲಿ ಕಲಿಯುವ ಕೆಲಸ ಇದೇ. ಪಾಠಾಂತರ ಗುರುತಿಸುವುದು, ಲಿಪಿಕಾರನ ಕೈಯನ್ನು ಅರಿಯುವುದು, ಮೂಲವನ್ನು ಕೆಡಿಸದೆ ಶುದ್ಧಪಾಠ ಕೊಡುವುದು. ನಮ್ಮ ಕಾಲದ ಲಿಪಿಕಾರರು ಡಿಟಿಪಿ ಅಂಗಡಿಯವರು. ಯಾವ ಪುಸ್ತಕಕ್ಕೆ ಯಾವ ಕಂಪನಿಯ ಯಾವ ಫಾಂಟ್ ಬಳಸಿದೆವು ಎಂಬುದು ಇನ್ನೂ ಅವರ ನೆನಪಿನಲ್ಲಿದೆ. ಶ್ರೀಲಿಪಿ, ಆಕೃತಿ, ಪ್ರಕಾಶಕ್ ಕಡತಗಳಿಗೆ ಆ ನೆನಪೇ ಬೀಗದ ಕೈ. ಅವರಲ್ಲಿ ಹಲವರು ಅಂಗಡಿ ಮುಚ್ಚುವ ವಯಸ್ಸಿಗೆ ಬಂದಿದ್ದಾರೆ. ನಿಮ್ಮೂರಿನ ಅಂಗಡಿಗೆ ಹೋಗಿ, ಹಳೆಯ ಸಿಡಿಗಳನ್ನು ಕೇಳಿ ಪಡೆದು, ಫಾಂಟಿನ ಹೆಸರನ್ನು ಮೇಲೆ ಬರೆದುಕೊಳ್ಳಿ. ಮೂಲ ಕಡತವನ್ನು ಹಾಗೆಯೇ ಇಟ್ಟುಕೊಂಡು, ಪ್ರತಿಯನ್ನು ಯೂನಿಕೋಡ್‌ಗೆ ತಿರುಗಿಸಿ. ಲೇಖಕರ, ಪ್ರಕಾಶಕರ ಒಪ್ಪಿಗೆ ಸಿಕ್ಕಿದ್ದನ್ನು ಹುಡುಕಲು ಸಿಗುವ ಕಡೆ ಇಡಿ. ಒಂದು ಸೆಮಿಸ್ಟರಿನಲ್ಲಿ ಹತ್ತು ಮಂದಿ ಕೂತರೆ ಒಂದು ತಾಲ್ಲೂಕಿನ ಕಡತಗಳಲ್ಲಿ ಬಹಳಷ್ಟನ್ನು ಉಳಿಸಬಹುದು.